ಡಿ ಡ್ರೈವಿನಲ್ಲಿ ಅಕ್ಕ

ಆ ಸಂಜೆ ನಾನು ನಿಜವಾಗಿ ಏನು ಮಾಡಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಮಾಡಿದವನು ನಾನೇ, ಮನೆಯಲ್ಲಿದ್ದವನೂ ನಾನೊಬ್ಬನೇ, ಕಂಪ್ಯೂಟರೂ ನನ್ನದೇ. ಆದರೂ ಸಾಕ್ಷಿ ಹೇಳು ಎಂದರೆ ನಾಲಿಗೆ ತಡವರಿಸುತ್ತದೆ. ಮೌಸ್ ಹಿಡಿದು, ಪರದೆಯ ಮೇಲಿದ್ದ ಒಂದು ಪುಟ್ಟ ಚಿತ್ರವನ್ನು ಮೆಲ್ಲಗೆ ಎಳೆದು ತಂದು ಡಿ ಡ್ರೈವಿನೊಳಗೆ ಬಿಟ್ಟದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಕಟ್ಟಿದಂತಿರುವುದನ್ನೇ ಮೊದಲು ಅನುಮಾನಿಸಬೇಕು ಎಂದು ಕೋಲಾರದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ತರ್ಕಶಾಸ್ತ್ರ ಹೇಳಿಕೊಂಡು ಬಂದವನು ನಾನು. ನೆನಪು ಎನ್ನುವುದು ಸಾಕ್ಷಿಯಲ್ಲ, ಅದು ಸಾಕ್ಷಿಯ ವೇಷ ಹಾಕಿಕೊಂಡ ವಕೀಲ ಎಂದು ಬೋರ್ಡಿಗೆ ಬೆನ್ನು ಮಾಡಿ ನಿಂತು ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸಾರ್, ಹಂಗಾದ್ರೆ ನಾನು ನಿನ್ನೆ ಕ್ಲಾಸಿಗೆ ಬಂದಿರ್ಲಿಲ್ಲ ಅಂತ ನೀವು ಹೆಂಗ್ ಹೇಳ್ತೀರ?" ಎಂದ. ಅವನಿಗೆ ಹಾಜರಿ ಕೊಟ್ಟೆ. ನನ್ನ ಪಾಠವನ್ನು ಅರ್ಥ ಮಾಡಿಕೊಂಡ ಏಕೈಕ ವಿದ್ಯಾರ್ಥಿ ಅವನು.

ಇಷ್ಟೆಲ್ಲ ಅನುಮಾನದ ನಡುವೆ ನಾನು ನಂಬುತ್ತಿದ್ದ ಸಿದ್ಧಾಂತ ಒಂದೇ ಒಂದು, ಅದು ಡಿ ಡ್ರೈವಿನ ಸಿದ್ಧಾಂತ. ಕಂಪ್ಯೂಟರಿನ ಗೊಡವೆಗೆ ಹೋಗದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನ ಒಳಗಿನ ಉಗ್ರಾಣ ಒಂದೇ ಇದ್ದರೂ ನಡುವೆ ಒಂದು ಗೋಡೆ ಎಬ್ಬಿಸಿ ಅದನ್ನು ಎರಡು ಮಾಡಿಕೊಳ್ಳಬಹುದು. ಈಚೆಯ ಕೋಣೆಗೆ ಸಿ ಎಂದು ಹೆಸರು. ಯಂತ್ರವನ್ನು ಎಬ್ಬಿಸಿ, ನಡೆಸಿ, ಮಲಗಿಸುವ ವಿಂಡೋಸ್ ಎಂಬ ಸಂಸಾರ ಅಲ್ಲಿ ವಾಸ ಮಾಡುತ್ತದೆ. ಆಚೆಯ ಕೋಣೆ ಡಿ. ನಮ್ಮ ಬರಹ, ಫೋಟೊ, ಹಾಡು ಎಲ್ಲ ಅಲ್ಲಿರಬೇಕು. ವಿಂಡೋಸಿಗೆ ಆಗಾಗ ಹುಚ್ಚು ಹಿಡಿಯುವುದುಂಟು. ಆಗ ಸಿ ಕೋಣೆಯನ್ನು ಪೂರ್ತಿ ಬಳಿದು ತೊಳೆದು ಹೊಸ ವಿಂಡೋಸನ್ನು ಕೂರಿಸಿದರೂ ಗೋಡೆಯಾಚೆಗಿನ ನಮ್ಮ ಸಾಮಾನಿಗೆ ಏನೂ ಆಗುವುದಿಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಕಂಪ್ಯೂಟರ್ ಹಚ್ಚಿದ ಕೂಡಲೇ ಎದುರಿಗೆ ಕಾಣುವ ಡೆಸ್ಕ್‌ಟಾಪ್ ಕೂಡ ಸಿ ಕೋಣೆಯದೇ ಜಗಲಿ. ಅಲ್ಲಿಟ್ಟದ್ದೆಲ್ಲ ತೊಳೆಯುವ ದಿನ ಕೊಚ್ಚಿಹೋಗುತ್ತದೆ.

ಈ ಸಂಗತಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಪ್ರಶ್ನೆಪತ್ರಿಕೆ, ಮಗಳ ಮದುವೆ ಫೋಟೊ, ಸೈಟಿನ ಕಾಗದ ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಹರವಿಕೊಂಡವರ ಬೆನ್ನ ಹಿಂದೆ ನಿಂತು ನಿಟ್ಟುಸಿರು ಬಿಟ್ಟೆ. ನನ್ನನ್ನು ಕಂಡರೆ ಜನ ಕಂಪ್ಯೂಟರ್ ಆರಿಸಿ ಟೀ ಕುಡಿಯಲು ಹೋಗುವಂತಾಯಿತು. ಮಾಲೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಅರ್ಥಶಾಸ್ತ್ರದ ಪ್ರಭಾವತಿ ಮಾತ್ರ ಧೈರ್ಯವಾಗಿ ಕೂತಿದ್ದು, "ಸರ್, ಡೆಸ್ಕ್‌ಟಾಪ್ ಅಂದ್ರೆ ನಂಗೆ ಒಲೆ ಪಕ್ಕದ ಕಟ್ಟೆ ಇದ್ದಂಗೆ. ಎಲ್ಲಾ ಕೈಗೆ ಸಿಗ್ಬೇಕು. ನೀವೇನು ಉಪ್ಪಿನ ಡಬ್ಬಿನ ಅಟ್ಟದ ಮೇಲೆ ಇಡ್ತೀರಾ?" ಎಂದರು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ನನಗೆ ಆ ಕ್ಷಣಕ್ಕೆ ಹೊಳೆಯಲೇ ಇಲ್ಲ.

ನಮ್ಮ ಮನೆ ಎಂದರೆ ಕೋಲಾರದಲ್ಲಿ ಒಂದು ಬಾಡಿಗೆ ಮಹಡಿ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿ, ಈಗ ಯಾವುದು ನಿಜವೆಂದು ನನಗೇ ಮರೆತುಹೋಗಿದೆ. ರಜೆಯ ದಿನ ಒಂದು ಕಡೆ ಕೂರಲಾಗುವುದಿಲ್ಲ. ಸುಮ್ಮನೆ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋಗಿ, ನಿಲ್ದಾಣದಲ್ಲಿ ಕಾಫಿ ಕುಡಿದು, ಅದೇ ಬಸ್ಸಿಗೆ ವಾಪಸು ಬಂದದ್ದುಂಟು. ಕಂಡಕ್ಟರು, "ಏನ್ ಸಾರ್, ಏನಾದ್ರೂ ಮರ್ತು ಬಂದ್ರಾ?" ಎಂದು ಕೇಳಿದರೆ ಹೌದೆನ್ನುತ್ತಿದ್ದೆ. ಹೌದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಭಾನುವಾರ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅವತ್ತು ಅಕ್ಕ ಬರುತ್ತಿದ್ದಳು. ಅವಳನ್ನು ಕೊಟ್ಟದ್ದು ಸುಗಟೂರಿಗೆ. ಭಾವ ತರಕಾರಿ ಬೆಳೆಯುತ್ತಾರೆ, ಮನೆಯಲ್ಲಿ ಎರಡು ಸೀಮೆಹಸು. ಬೆಳಗಿನ ಹಾಲು ಡೈರಿಗೆ ಹಾಕಿ, ಒಂದು ಚೀಲದಲ್ಲಿ ಬೀನ್ಸು, ಸೊಪ್ಪು, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಬಸ್ಸಿಳಿದು ಬರುವಳು. ಮೆಟ್ಟಿಲು ಹತ್ತುವಾಗಲೇ ಬೈಗುಳ ಶುರು.

"ಲೇ, ಇದೇನೋ ಇದು, ಮನೇಲಿರೋದೇ ಎರಡು ಚೇರು. ಒಂದ್ರಲ್ಲಿ ಪುಸ್ತಕ ಕೂತವೆ, ಒಂದ್ರಲ್ಲಿ ನೀನು ಕೂತಿದೀಯ. ನಾನೇನು ನೆತ್ತಿ ಮೇಲೆ ಕೂತ್ಕೊಳ್ಲಾ?"

ಪುಸ್ತಕಗಳನ್ನು ಎಬ್ಬಿಸಿ ಅವಳನ್ನು ಕೂರಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಗಿರಾಕಿ ಸಿಗದ ನನ್ನ ಸಿದ್ಧಾಂತವನ್ನು ಅವಳಿಗೂ ಒಂದು ದಿನ ಒಪ್ಪಿಸಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು.

"ಆ ಡೀ ಅಂತೀಯಲ್ಲ, ಅದಕ್ಕೆ ಬೀಗ ಹಾಕ್ತೀಯಾ?"

"ಇಲ್ಲಕ್ಕ."

"ಮತ್ತೆ ಗೋಡೆ ಯಾಕೆ?"

"ಈ ಕಡೆ ಬೆಂಕಿ ಬಿದ್ರೂ ಆ ಕಡೆದು ಉಳಿಯುತ್ತೆ."

"ಬೆಂಕಿ ಬಿದ್ರೆ ಯಾರಾದ್ರೂ ಒಂದೇ ಕಡೆಗೆ ನೀರು ಹಾಕ್ತಾರೇನೋ? ಎರಡು ಕಡೆಗೂ ಹಾಕ್ತಾರೆ. ಆ ಕಡೆದು ಸುಡಲ್ಲ, ನೆಂದು ಕೊಳೆಯುತ್ತೆ. ಏಮಿರಾ, ಇದ್ನೆಲ್ಲ ಓದೋಕೇನಾ ನಿನ್ನ ಮೈಸೂರಿಗೆ ಕಳ್ಸಿದ್ದು?"

ಅಕ್ಕನಿಗೆ ರೇಗಿದರೂ ತೆಲುಗು, ಮುದ್ದು ಬಂದರೂ ತೆಲುಗು. ನಾವು ಹುಟ್ಟಿದ್ದು ಮುಳಬಾಗಿಲಿನ ಆಚೆ, ತಾಯಲೂರಿನಲ್ಲಿ. ಅಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಅಪ್ಪ ಅಮ್ಮ ಹೋದ ಮೇಲೆ ಆ ಮನೆ ಬೇರೆಯವರ ಪಾಲಾಯಿತು. ಒಳಗೆ ಬದುಕಿದವರಲ್ಲಿ ಉಳಿದದ್ದು ನಾವಿಬ್ಬರೇ, ಮತ್ತು ನಮ್ಮಿಬ್ಬರ ನೆನಪಿನಲ್ಲಿ ಇದ್ದದ್ದು ಎರಡು ಬೇರೆ ಬೇರೆ ಮನೆಗಳು. ಭಾನುವಾರದ ಊಟವಾದ ಮೇಲೆ ಆ ಮನೆಗಳ ಜಗಳ ಶುರುವಾಗುತ್ತಿತ್ತು. ಸೋಲುವ ಸೂಚನೆ ಕಂಡರೆ ಅಕ್ಕ, "ನಾನು ಹಂಗೆ ಹೇಳೇ ಇಲ್ವಲ್ಲ" ಎಂದು ಎದ್ದುಬಿಡುವಳು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ತಡಿ, ನೀನು ಹೇಳೋದನ್ನ ಕಂಪ್ಯೂಟರಿಗೆ ತುಂಬಿಸ್ತೀನಿ. ಮುಂದಿನ ವಾರ ನೀನೇ ಕೇಳು" ಎಂದೆ. ಅವಳಿಗೆ ಮಹಾ ಸಂತೋಷವಾಯಿತು. ಬರೀ ಧ್ವನಿಯಷ್ಟೇ ಎಂದರೂ ಕೇಳದೆ ಮುಖ ತೊಳೆದುಕೊಂಡು ಬಂದು, ಸೆರಗು ಸರಿಮಾಡಿಕೊಂಡು, ಕಂಪ್ಯೂಟರಿನ ಎದುರು ನೆಟ್ಟಗೆ ಕೂತು, ಕಾಫಿ ಆರಿ ಅಂಬಲಿಯಾಗುವ ತನಕ ಮಾತಾಡಿದಳು.

ಧ್ವನಿ ಮುದ್ರಿಸಿಕೊಂಡ ತಂತ್ರಾಂಶವು ಅದನ್ನು ತನಗೆ ತೋಚಿದ ಕಡೆ, ಸಿ ಕೋಣೆಯ ಯಾವುದೋ ಮೂಲೆಯಲ್ಲಿ ಇಟ್ಟುಕೊಂಡಿತು. ಮುಂದಿನ ವಾರ ಅಕ್ಕನೇ ಒತ್ತಿ ಕೇಳಲು ಸುಲಭವಾಗಲಿ ಎಂದು ಡೆಸ್ಕ್‌ಟಾಪಿನ ಮೇಲೆ ಒಂದು ಚಿತ್ರ ಮಾಡಿ, 'ಅಕ್ಕ' ಎಂದು ಹೆಸರಿಟ್ಟೆ. ಮುಂದಿನ ವಾರ ಸುಗಟೂರಿನ ಬಸ್ಸು ಬಂತು, ಅಕ್ಕ ಬರಲಿಲ್ಲ. ವಾರದ ನಡುವೆ ಡೈರಿಗೆ ಹಾಲು ಹಾಕಿ ಬಂದವಳು ಜಗಲಿಯ ಮೇಲೆ ಕೂತಳಂತೆ. ಕೂತವಳು ಏಳಲಿಲ್ಲ.

ಆಮೇಲೆ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಆ ಚಿತ್ರ ಎದುರಿಗೇ ಇರುತ್ತಿತ್ತು. ಒತ್ತಿದರೆ ಮಾತಾಡುತ್ತಾಳೆ. ಒತ್ತಲಿಲ್ಲ. ಮಹಡಿಯ ಮೇಲೆ ಒಬ್ಬನೇ ಕೂತು, ಎದುರು ಖಾಲಿ ಕುರ್ಚಿ ಇಟ್ಟುಕೊಂಡು ಅವಳ ಬೈಗುಳ ಕೇಳುವ ಎದೆಗಾರಿಕೆ ನನಗಿರಲಿಲ್ಲ. ಆದರೆ ಅವಳನ್ನು ಸಿ ಕೋಣೆಯ ಜಗಲಿಯ ಮೇಲೆ ಬಿಡುವುದೂ ಸರಿಯಲ್ಲ ಅನ್ನಿಸಿತು. ಮೊದಲು ಹೇಳಿದೆನಲ್ಲ, ಆ ಸಂಜೆ ಅದನ್ನು ಎಳೆದು ಡಿ ಕೋಣೆಗೆ ಸೇರಿಸಿದೆ. ಎಳೆದದ್ದು ನಿಜ. ಏನನ್ನು ಎಳೆದೆ ಎಂಬುದೇ ಪ್ರಶ್ನೆ. ಮೂಲೆಯಲ್ಲಿದ್ದ ನಿಜವಾದ ಕಡತವನ್ನೂ ಹುಡುಕಿ ತಂದಂತೆ ಒಮ್ಮೊಮ್ಮೆ ನೆನಪಾಗುತ್ತದೆ. ಆ ನೆನಪಿನಲ್ಲಿ ನಾನು ಹಾಕಿಕೊಂಡಿರುವ ಸ್ವೆಟರು ಆಮೇಲೆ ಎಷ್ಟೋ ದಿನಕ್ಕೆ ಕೊಂಡದ್ದು. ಆದ್ದರಿಂದ ನೆನಪನ್ನು ತಿರಸ್ಕರಿಸಿದ್ದೇನೆ.

ವರ್ಷ ತುಂಬುತ್ತ ಬಂದಾಗ ಭಾವ ಫೋನ್ ಮಾಡಿದರು.

"ಏನ್ ಮೇಷ್ಟ್ರೇ, ವರ್ಷದ ಎಡೆ ಇಡ್ತಿದೀವಿ. ನಿನ್ನ ಕಂಪ್ಯೂಟ್ರಲ್ಲಿ ಅವಳ ಮಾತು ಐತಂತಲ್ಲ, ಶೋಭಾ ಹೇಳಿದ್ಲು. ಅದನ್ನೂ ತಗೊಂಡ್ ಬಾ. ಎಡೆ ಮುಂದೆ ಹಾಕಣ."

ಶೋಭಾ ಅಕ್ಕನ ಮಗಳು, ತಾಲ್ಲೂಕು ಕಚೇರಿಯಲ್ಲಿ ಕೆಲಸ. ಎಡೆ ಎಂದರೆ ಹೋದವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವುದು. ನಾನು ಇದನ್ನೆಲ್ಲ ನಂಬುವವನಲ್ಲ, ಅದು ಭಾವನಿಗೂ ಗೊತ್ತು.

"ಭಾವ, ಶೋಭಾ ಮದುವೆ ವಿಡಿಯೋದಲ್ಲಿ ಅಕ್ಕ ಇಲ್ವಾ?"

"ಅವ್ಳೆ. ಬಾಯಿ ಆಡ್ತದೆ, ಕೇಳೋದು ವಾಲಗ. ಫೋನಲ್ಲಿ ಹುಡುಕ್ದೆ. ಆವಮ್ಮ ಜನ್ಮದಲ್ಲಿ ಫೋನ್ ಮಾಡಿ ಮಾತಾಡಿದ್ದುಂಟಾ? ಬರೀ ಮಿಸ್ಡ್ ಕಾಲು. ಮಿಸ್ಡ್ ಕಾಲಲ್ಲಿ ಏನ್ ಕೇಳ್ಲಪ್ಪ ನಾನು? ಧ್ವನಿ ಮರ್ತು ಹೋಗ್ತಾ ಐತೆ ಕಣೋ. ತಗೊಂಡ್ ಬಾ."

ತರುತ್ತೇನೆ ಎಂದೆ. ಸರಿಯಾಗಿ ಆ ವಾರವೇ ನನ್ನ ಕಂಪ್ಯೂಟರ್ ನೀಲಿ ಮುಖ ಮಾಡಿಕೊಂಡು ನಿಂತಿತು. ವಿಂಡೋಸಿಗೆ ಹುಚ್ಚು ಹಿಡಿದಿತ್ತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಸಿದ್ಧಾಂತದ ಪರೀಕ್ಷೆಯ ದಿನ ಬಂದಿತ್ತು. ಸಿ ಕೋಣೆಯನ್ನು ತೊಳೆಯುವ ಮುನ್ನ ಯಂತ್ರ ಕೇಳಿತು: ಅಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ? ಜೀವಮಾನದಲ್ಲಿ ಯಾವುದನ್ನೂ ಖಚಿತವೆಂದು ಒಪ್ಪದವನು ನಾನು. ಎರಡು ಕೂಡಿಸು ಎರಡು ನಾಲ್ಕು ಎಂಬುದಕ್ಕೂ ಒಂದು ಅಡಿಟಿಪ್ಪಣಿ ಸೇರಿಸಿದವನು. ಖಚಿತ ಎಂದು ಒತ್ತಿದೆ. ಹೊಸ ವಿಂಡೋಸ್ ಬಂತು. ಡಿ ಕೋಣೆಯ ಬಾಗಿಲು ತೆಗೆದು ನೋಡಿದರೆ ಎಲ್ಲವೂ ಇಟ್ಟಲ್ಲೇ ಇತ್ತು. ಹಳೆಯ ಪ್ರಶ್ನೆಪತ್ರಿಕೆಗಳು, ಯಾರೂ ಅಚ್ಚು ಹಾಕದ ನನ್ನ ಲೇಖನಗಳು, 'ಅಕ್ಕ'. ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡೆ. ಕಾಫಿ ಆರುವಷ್ಟು ಹೊತ್ತು ಆಡಿದ ಮಾತು ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತಿಯಾಯಿತು. ಇಲ್ಲಿ ತರ್ಕಶಾಸ್ತ್ರದವನು ನಿಂತು ಯೋಚಿಸಬೇಕಿತ್ತು. ಈಗಿನ ಪೆನ್‌ಡ್ರೈವುಗಳು ಎಷ್ಟು ಚುರುಕು ಎಂದು ಮೆಚ್ಚಿಕೊಂಡೆ. ಒತ್ತಿ ಕೇಳಿ ಪರೀಕ್ಷಿಸಲಿಲ್ಲ. ನಾಳೆ ಹೇಗೂ ಎಲ್ಲರ ಜೊತೆ ಕೂತು ಕೇಳುತ್ತೇನಲ್ಲ, ಒಬ್ಬನೇ ಯಾಕೆ ಕೇಳಲಿ ಎಂದುಕೊಂಡು ಜೇಬಿಗೆ ಹಾಕಿಕೊಂಡೆ.

ಸುಗಟೂರಿನ ನಡುಮನೆಯಲ್ಲಿ ಬಾಳೆಲೆ ಹಾಕಿ ಮುದ್ದೆ, ಅವರೆಕಾಳಿನ ಸಾರು, ವಡೆ, ಪಾಯಸ, ಒಂದು ಲೋಟ ಕಾಫಿ ಎಲ್ಲ ಇಟ್ಟಿದ್ದರು. ಪಕ್ಕದಲ್ಲಿ ಹೊಸ ಸೀರೆ, ಅದರ ಪಕ್ಕದಲ್ಲಿ ಶೋಭಾಳ ಲ್ಯಾಪ್‌ಟಾಪ್. ದೀಪದ ಕಿಡಿ ತಾಗೀತೆಂದು ಯಾರೋ ಅದನ್ನು ಒಂದು ಮಣೆಯ ಮೇಲೆ ಏರಿಸಿ, ಇರಲಿ ಎಂದು ಅದಕ್ಕೂ ಒಂದು ಹೂವು ಮುಡಿಸಿದ್ದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೆನ್ನಾಗಿ ಕೇಳುವ ಕಿವಿಯನ್ನು ಈ ಕಡೆ ಮಾಡಿ ಕೂತಿದ್ದರು. ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲ ತುಂಬ ನಿಂತಿದ್ದರು. ಎದುರುಮನೆಯ ಮುನಿಯಮ್ಮ ಎನ್ನುವವರು, "ಸೌಂಡು ಜಾಸ್ತಿ ಮಾಡಮ್ಮಣ್ಣಿ, ಅವಳು ಮಾತಾಡಿದ್ರೆ ಡೈರಿ ತಂಕ ಕೇಳೋದು" ಎಂದರು.

ಶೋಭಾ ಒತ್ತಿದಳು. ಅಕ್ಕ ಮಾತಾಡಲಿಲ್ಲ. ಪರದೆಯ ಮೇಲೆ ಒಂದು ಪುಟ್ಟ ಚೌಕ ಬಂದು ನಿಂತಿತು. ಶೋಭಾ ಅದನ್ನು ಓದಿ, ಮತ್ತೊಮ್ಮೆ ಓದಿ, ನನ್ನ ಕಡೆ ತಿರುಗಿದಳು.

"ಮಾವ, ಇದು ಬರೀ ಶಾರ್ಟ್‌ಕಟ್ಟು."

"ಹಂಗಂದ್ರೆ?" ಭಾವ ಕೇಳಿದರು.

"ದಾರಿ ತೋರ್ಸೋ ಬೋರ್ಡ್ ಇದ್ದಂಗೆ ಅಪ್ಪ. ಬೋರ್ಡ್ ತಂದವ್ರೆ. ಅದು ತೋರ್ಸೋ ಕಡೆ ಈಗ ಏನೂ ಇಲ್ವಂತೆ."

ಚಿತ್ರದ ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತಿತ್ತು. ಕಡತ ಬೇರೆಲ್ಲೋ ಇದೆ, ಇದು ಬರೀ ಅದರ ವಿಳಾಸ ಎಂದು ತಿಳಿಸುವ ಗುರುತು. ಇಡೀ ಸ್ಟಾಫ್ ರೂಮಿಗೆ ಪಾಠ ಹೇಳಿದ ನಾನು ಅಕ್ಕನ ವಿಳಾಸವನ್ನು ಡಿ ಕೋಣೆಯಲ್ಲಿ ಭದ್ರವಾಗಿಟ್ಟು, ಅಕ್ಕನನ್ನು ಸಿ ಕೋಣೆಯಲ್ಲಿ ಬಿಟ್ಟು ತೊಳೆದುಬಿಟ್ಟಿದ್ದೆ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಆ ಮನೆಯಲ್ಲಿ ನನ್ನನ್ನು ಬೈಯುವ ಅಧಿಕಾರ ಇದ್ದವಳು ಒಬ್ಬಳೇ.

ಕೊನೆಗೆ ಭಾವನೇ, "ಹೋಗ್ಲಿ ಬಿಡೋ" ಎಂದರು. "ನೀನು ಎದುರಿಗೇ ಕೂತಿದ್ದೆ ತಾನೆ? ಏನ್ ಹೇಳಿದ್ಲು ಅಂತ ನೀನೇ ಹೇಳು. ಮೇಷ್ಟ್ರು, ನಿಂಗೆ ಜ್ಞಾಪಕ ಇರ್ತದೆ."

ಇಷ್ಟು ಭಯ ಹುಟ್ಟಿಸುವ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ದೀಪದ ಮುಂದೆ, ಅಷ್ಟು ಜನದ ಎದುರು, ನನ್ನ ನೆನಪನ್ನು ಸಾಕ್ಷಿಕಟ್ಟೆಗೆ ಹತ್ತಿಸಿದೆ. ಆವತ್ತಿನ ಜಗಳ ತಾಯಲೂರಿನ ಮನೆಯ ಅಡುಗೆಮನೆಯದು. ಅದರ ಗೋಡೆಯಲ್ಲಿ ಪಕ್ಕದ ಮನೆಯ ಕಡೆಗೆ ಒಂದು ಕಿಟಕಿ ಇತ್ತು ಎಂದು ಅಕ್ಕ ಹೇಳಿದ್ದಳು. ಅಮ್ಮನಿಗೆ ಹುಷಾರಿಲ್ಲದ ದಿನ ಆ ಕಿಟಕಿಯಿಂದ ಪಕ್ಕದ ಮನೆಯ ಸಾರು ಬರುತ್ತಿತ್ತಂತೆ. ಇವಳೇ ಕೈ ನೀಡಿ ಇಸಿದುಕೊಂಡು ನನಗೆ ಬಡಿಸುತ್ತಿದ್ದಳಂತೆ. ನನ್ನ ನೆನಪಿನಲ್ಲಿ ಅಲ್ಲಿ ಹೊಗೆ ಹಿಡಿದ ಗೋಡೆ, ಕತ್ತಲೆ, ಅಷ್ಟೇ. ಕಿಟಕಿಯಿಲ್ಲ.

"ಹಂಗೆ ಸುಮ್ನೆ ಹೇಳಿರಲ್ಲ ಅವಳು" ಎಂದು ಮುನಿಯಮ್ಮ ನಡುವೆ ಬಾಯಿ ಹಾಕಿದರು. "ಮೊದ್ಲು 'ನಿಂಗೇನ್ಲಾ ಗೊತ್ತು, ಹುಚ್ಚಾ, ಪಿಚ್ಚೋಡಾ' ಅಂದಿರ್ಬೇಕಲ್ಲ."

"ಹೌದು, ಅಂದ್ಲು" ಎಂದೆ. ಅಂದಿದ್ದಳೇ? ಗೊತ್ತಿಲ್ಲ.

"ತೊಡೆ ತಟ್ಕೊಂಡ್ ಹೇಳಿರ್ತಾಳೆ" ಎಂದರು ಭಾವ.

"ಹೌದು ಭಾವ, ತಟ್ಕೊಂಡೇ ಹೇಳಿದ್ಲು."

ಒಬ್ಬೊಬ್ಬರೂ ಒಂದೊಂದು ಮಾತು ಕೊಟ್ಟರು. ನಾನು ಎಲ್ಲದಕ್ಕೂ ಹೌದೆಂದೆ. ಶೋಭಾ ತನ್ನ ಅಮ್ಮನ ಹಾಗೇ ರಾಗ ಎಳೆದಳು. ಹೆಂಗಸರು ನಗಲು ಶುರು ಮಾಡಿದರು, ಭಾವ ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಟ್ಟನೆ ಕೇಳಿದರು.

"ಅದಿರ್ಲಿ, ಕಿಟಕಿ ಇತ್ತೇನೋ?"

ಅಲ್ಲಿಯ ತನಕ ಎಲ್ಲದಕ್ಕೂ ಹೌದೆಂದವನು ಇದಕ್ಕೂ ಹೌದೆನ್ನಬಹುದಿತ್ತು. ಹಾಳು ಅಭ್ಯಾಸ. "ನಂಗೆ ಗೊತ್ತಿರೋ ಹಾಗೆ ಇರ್ಲಿಲ್ಲ ಭಾವ" ಎಂದೆ.

"ನೋಡಿದ್ಯಾ, ಅವಳ ಎಡೆ ಮುಂದೆ ಕೂತ್ಕೊಂಡು ಅವಳ್ದೇ ಸುಳ್ಳು ಅಂತಾನೆ!" ಭಾವ ನಗುತ್ತಲೇ ಹೇಳಿದರು. ಆದರೆ ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕಾದು ಕೂತಾಗ ಅವರು ನನ್ನ ಜೊತೆ ಮಾತಾಡಲಿಲ್ಲ.

ಮನೆಗೆ ಬಂದು, ಅಳಿಸಿದ್ದನ್ನು ವಾಪಸು ತರುತ್ತೇವೆಂದು ಹೇಳಿಕೊಳ್ಳುವ ತಂತ್ರಾಂಶಗಳನ್ನೆಲ್ಲ ಓಡಿಸಿದೆ. ಅವು ಬೇಕಾದಷ್ಟು ತಂದವು. ವಿಂಡೋಸಿನ ಜೊತೆ ಬಂದಿದ್ದ ಹಿಮದ ಬೆಟ್ಟಗಳ ಚಿತ್ರ, ಯಾರದೋ ಜಾಹೀರಾತು, 'ಟಿಂಗ್' ಎನ್ನುವ ಒಂದು ಶಬ್ದ. ಹೊಸ ವಿಂಡೋಸ್ ಅಕ್ಕನ ಮೇಲೇ ಹಾಸಿಗೆ ಹಾಸಿಕೊಂಡು ಮಲಗಿತ್ತು. ಬಾಣದ ಗುರುತಿನ 'ಅಕ್ಕ' ಈಗಲೂ ಡಿ ಕೋಣೆಯಲ್ಲಿ ಸುರಕ್ಷಿತವಾಗಿದ್ದಾಳೆ. ಸಿದ್ಧಾಂತದಲ್ಲಿ ದೋಷವಿಲ್ಲ. ಪ್ರಭಾವತಿಯವರಿಗೆ ಮಾತ್ರ ಇದನ್ನು ಇನ್ನೂ ಹೇಳಿಲ್ಲ.

ಒಂದು ಭಾನುವಾರ, ಹೇಗೂ ಯಾರೂ ಬರುವುದಿಲ್ಲವಲ್ಲ ಎಂದು, ಮುಳಬಾಗಿಲಿನ ಬಸ್ಸು ಹತ್ತಿ ಅಲ್ಲಿಂದ ತಾಯಲೂರಿಗೆ ಹೋದೆ. ನಮ್ಮದಾಗಿದ್ದ ಮನೆಯ ಮುಂದೆ ಒಬ್ಬ ಹೆಂಗಸು ರಾಗಿ ಒಣಹಾಕುತ್ತಿದ್ದರು. "ಎವರು ಕಾವಾಲ, ಯಾರು ಬೇಕಿತ್ತು?" ಎಂದರು. ನಿಮ್ಮ ಅಡುಗೆಮನೆಯಲ್ಲಿ ಕಿಟಕಿ ಇದೆಯೇ ಎಂದು ನೋಡಲು ಬಂದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೆ ಮಾರಕ್ಕಿಲ್ಲ" ಎಂದರು. ನಾನು ಇಲ್ಲೇ ಹುಟ್ಟಿದವನು, ಈಗ ಕೋಲಾರದಲ್ಲಿದ್ದೇನೆ, ನಮ್ಮಕ್ಕ ಹೀಗೆ ಹೇಳುತ್ತಿದ್ದಳು ಎಂದು ವಿವರಿಸಿದೆ.

"ಅದಕ್ಕೆ ಕೋಲಾರದಿಂದ ಬಂದ್ರಾ? ಅಕ್ಕನ್ನೇ ಕೇಳಿದ್ರೆ ಆಗ್ತಿರ್ಲಿಲ್ವಾ?"

"ಅವಳು ಹೇಳಿದ್ಲು. ನಾನು ನಂಬ್ಲಿಲ್ಲ" ಎಂದೆ.

ಆಕೆ ಒಂದು ಗಳಿಗೆ ನೋಡಿ, ಕೈ ಒರೆಸಿಕೊಂಡು ಒಳಗೆ ಕರೆದರು. ಅಡುಗೆಮನೆಯ ಆ ಗೋಡೆಯ ತುಂಬ ಸ್ಟೀಲ್ ಪಾತ್ರೆಗಳ ಸ್ಟ್ಯಾಂಡು. ಇಬ್ಬರೂ ಸೇರಿ ಅದನ್ನು ಪಕ್ಕಕ್ಕೆ ಸರಿಸಿದೆವು. ಹಿಂದೆ ಏನಿತ್ತು ಎಂಬುದನ್ನು ನಾನು ಕಣ್ಣಿನ ಮೇಲೆ ಬಿಡದೆ ಕೈಯಿಂದಲೂ ತಡವಿ, ಚಿಲಕ ತೆಗೆದು, ತಳ್ಳಿ ನೋಡಿದ್ದೇನೆ: ಕಿಟಕಿ ಇದೆ, ಪಕ್ಕದ ಮನೆಯ ಕಡೆಗೇ ತೆರೆಯುತ್ತದೆ, ಒಂದು ಸಾರಿನ ಬಟ್ಟಲು ತುಳುಕದೆ ದಾಟುವಷ್ಟು ಅಗಲವಿದೆ.